ಶುದ್ಧವಾದ ಅಂಟು

ಗಿಟಾರು ಬಿರುಕು ಬಿಟ್ಟ ಸದ್ದು ನನಗೆ ಚೆನ್ನಾಗಿ ನೆನಪಿದೆ. ಒಣಗಿದ ತೊಗರಿಕಡ್ಡಿ ಮುರಿದ ಹಾಗೆ, ಚಿಕ್ಕದು, ಒಂದೇ ಸಲ. ಆದರೆ ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ. ಕುಕ್ಕುವಾಡದಲ್ಲಿ, ಅತ್ತೆಯ ತವರಿನ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಕಾರು ಹೊರಗೆ ಬೇವಿನ ಮರದ ಕೆಳಗೆ ಡಿಕ್ಕಿ ತೆರೆದು ನಿಂತಿತ್ತು. ಯಾರೋ ಅಕ್ಕಿ ಮೂಟೆ ತಂದು ಡಿಕ್ಕಿಗೆ ಎತ್ತಿಹಾಕಿದರು. ಅದರ ಅಡಿಯಲ್ಲಿ, ಅತ್ತೆಯ ಹಾಡಿಗೆಂದು ಒಯ್ದಿದ್ದ ನನ್ನ ಗಿಟಾರು ಇತ್ತು. ಗೋಡೆ ದಾಟಿ, ಒಳಗಿನ ಟಿವಿ ದಾಟಿ, ಏಳೆಂಟು ಜನರ ಮಾತು ದಾಟಿ ಆ ಸದ್ದು ನನ್ನ ಕಿವಿಗೆ ಬಿದ್ದಿರಲು ಸಾಧ್ಯವೇ ಇಲ್ಲ. ಆಮೇಲೆ ನಾನೇ ಮನಸ್ಸಿನಲ್ಲಿ ಮಾಡಿಕೊಂಡದ್ದಿರಬೇಕು. ಈ ಬರಹದಲ್ಲಿ ಇಂಥವು ಇನ್ನೂ ಕೆಲವು ಇರಬಹುದು. ಗೊತ್ತಾದ ಕಡೆ ಹೇಳುತ್ತೇನೆ.

ಮೂಟೆ ಹಾಕಿದ್ದು ಯಾರು ಎಂಬುದಕ್ಕೂ ಒಂದು ಉತ್ತರವಿಲ್ಲ. ಟ್ರ್ಯಾಕ್ಟರ್ ಓಡಿಸುವವನು ಎನ್ನುತ್ತಾರೆ ನನ್ನ ಗಂಡ. ಗಿಟಾರನ್ನು ಪೆಟ್ಟಿಗಿ ಎನ್ನುವ ಅತ್ತೆ ಒಮ್ಮೆ, "ನಾನೇ ಹಾಕ್ರಿ ಅಂದೆ. ನಿನ್ನ ಪೆಟ್ಟಿಗಿ ಅಲ್ಲೈತೆ ಅಂತ ನನಗೇನ್ ಕನಸು ಬಿದ್ದಿತ್ತಾ?" ಎಂದರು. ಇನ್ನೊಮ್ಮೆ, ಬಂದವರ ಮುಂದೆ, "ಮೊದ್ಲು ಅದನ್ನ ತೆಗೀರಿ ಅಂತ ಬಡ್ಕೊಂಡೆ, ಯಾರ್ ಕೇಳ್ತಾರೆ" ಎಂದರು. ಎರಡೂ ಸಲ ದನಿಯಲ್ಲಿ ಅನುಮಾನ ಇರಲಿಲ್ಲ.

ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದು ಚೀಲ ಬಿಚ್ಚಿದಾಗ ಕಂಡಿತು. ಬಿರಡೆಗಳಿರುವ ತಲೆಯ ಭಾಗ ಕುತ್ತಿಗೆಗೆ ಸೇರುವ ಕಡೆ, ಹಿಂಬದಿಯಲ್ಲಿ, ಕೂದಲಿನಷ್ಟು ಬಿರುಕು. ಅಲ್ಲಿಂದ ಮರದ ನಾರಿನ ಗುಂಟ ಓರೆಯಾಗಿ ಬೆರಳೂರುವ ಎರಡನೇ ಪಟ್ಟಿಯ ಕೆಳಗಿನವರೆಗೂ ಹೋಗಿತ್ತು. ತಂತಿ ಬಿಗಿದರೆ ಬಾಯಿ ಬಿಡುತ್ತಿತ್ತು, ಸಡಿಲಿಸಿದರೆ ಗುರುತೇ ಸಿಗದಂತೆ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿಕೊಳ್ಳುವ ಬಿರುಕು ಒಳ್ಳೆಯದು. ಚೂರು ಎಲ್ಲೂ ಉದುರಿಲ್ಲ ಎಂದರ್ಥ. ಸರಿಯಾದ ಅಂಟು ಒಳಗೆ ಇಳಿದು, ಬಿಗಿಯಾಗಿ ಅದುಮಿಟ್ಟು ಬಿಟ್ಟರೆ ಆ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ತಪ್ಪು ಅಂಟು ಇಳಿದರೆ ಅದು ಮರದ ಸೂಕ್ಷ್ಮ ರಂಧ್ರಗಳನ್ನೆಲ್ಲ ತುಂಬಿಬಿಡುತ್ತದೆ, ಆಮೇಲೆ ಸರಿಯಾದ ಅಂಟಿಗೆ ಹಿಡಿದುಕೊಳ್ಳಲು ಮರವೇ ಸಿಗುವುದಿಲ್ಲ. ಮೊದಲು ಯಾವುದು ಹೋಗುತ್ತದೋ ಅದೇ ಕೊನೆ.

ಒಂದು ಹಳೆಯ ಗಿಟಾರಿಗಾಗಿ ಇಷ್ಟೇಕೆ ಎಂದು ಕೇಳಿದವರಿದ್ದಾರೆ. ನಾನು ಹರಿಹರದವಳು. ಕಾಲೇಜಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಒಬ್ಬ ಟೀಚರಿದ್ದರು, ಭಾನುವಾರ ಚರ್ಚಿನಲ್ಲಿ ನುಡಿಸುತ್ತಿದ್ದರು, ಅವರು ಕಲಿಸಿದರು. ಮದುವೆಯಾಗಿ ದಾವಣಗೆರೆಗೆ ಬಂದಾಗ ಗಿಟಾರು ಕಪಾಟಿನ ಮೇಲೆ ಹೋಯಿತು. ಯಾರೂ ಬೇಡ ಅನ್ನಲಿಲ್ಲ, ನುಡಿಸು ಅಂತಲೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಸಂಜೆ ಬಡಾವಣೆಯ ಹೆಂಗಸರು ಬಂದು ದೇವರಮನೆಯ ಮುಂದೆ ವಚನ ಹಾಡುತ್ತಾರೆ. ಅತ್ತೆಯದು ಮುಖ್ಯ ದನಿ. ಒಂದು ಸೋಮವಾರ ಹಾರ್ಮೋನಿಯಂನವರು ಬರಲಿಲ್ಲ. ಎಲ್ಲರೂ ಕೂತು ಬಾಗಿಲು ನೋಡುತ್ತಿದ್ದಾಗ ಅತ್ತೆ ಅಡಿಗೆಮನೆಯತ್ತ ತಿರುಗಿ, "ಏ, ನಿನ್ನ ಆ ಪೆಟ್ಟಿಗಿ ತಗೊಂಬಾ, ಏನಾರ ಬರತೈತಾ ನೋಡಾಣ" ಎಂದರು.

ಬಂತು. ಆಮೇಲೆ ಹಾರ್ಮೋನಿಯಂನವರನ್ನು ಯಾರೂ ಕರೆಯಲಿಲ್ಲ. ಗಿಟಾರಿಗೆ ಕಪಾಟಿನ ಮೇಲಿಂದ ದೇವರಮನೆಯ ಮೂಲೆಗೆ ಬಡ್ತಿಯಾಯಿತು. ಆಯುಧಪೂಜೆಯ ದಿನ ಅತ್ತೆ ಅದರ ತಲೆಗೆ ವಿಭೂತಿ ಎಳೆದರು. ವಾರದ ಉಳಿದ ದಿನಗಳಲ್ಲಿ ನನಗೂ ಅವರಿಗೂ ಇದ್ದ ಮಾತೆಂದರೆ ಹಾಲು, ಸಿಲಿಂಡರು, ಒಣಗಿದ ಬಟ್ಟೆ. ಸೋಮವಾರ ಮಾತ್ರ ನಾವು ಮುಖ ನೋಡಿಕೊಳ್ಳುತ್ತಿದ್ದೆವು, ಯಾಕೆಂದರೆ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂಬುದನ್ನು ಕಣ್ಣಲ್ಲೇ ಹೇಳಿಕೊಳ್ಳಬೇಕಿತ್ತು. ಆ ಒಂದು ಗಂಟೆ ಈ ಮನೆಯಲ್ಲಿ ನಾನು ಸೊಸೆಯಲ್ಲದೆ ಬೇರೆ ಏನೋ ಆಗಿರುತ್ತಿದ್ದೆ. ಅದು ಹೋಗುತ್ತದೆ ಎಂಬುದೇ ನನ್ನ ಭಯ. ಮರದ ಮೇಲಿನ ಪ್ರೀತಿ ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಅದು ಸುಳ್ಳು.

ಅಂಟಿನ ವಿಷಯ ಎತ್ತಿದ್ದೇ ತಡ ಎಲ್ಲರೂ ಪಂಡಿತರಾದರು. ನನ್ನ ಗಂಡನಿಗೆ ಕೆ.ಬಿ. ಬಡಾವಣೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅವರ ಪ್ರಕಾರ ಎರಡು ಟ್ಯೂಬಿನ ಅಂಟನ್ನು ಕಲಸಿ ಹಚ್ಚಿದರೆ ಮುಗಿಯಿತು. "ಪಂಪಿನ ಬಾಡೀನೇ ಹಿಡಿದು ನಿಲ್ಲತೈತೆ, ನಿನ್ನ ಕಟಗಿ ಯಾವ ಲೆಕ್ಕ?" ಎದುರು ಮನೆಯವರು ಬಡಗಿಗಳ ಬಿಳಿ ಅಂಟು ಎಂದರು. ನಾನು ಪಾಠ ಹೇಳುವ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಚಪ್ಪಲಿಗೆ ಹಾಕುವ, ಹನಿ ಬಿಟ್ಟ ಕೂಡಲೇ ಹಿಡಿಯುವ ಕ್ಷಣದ ಅಂಟು ಸಾಕು ಎಂದರು. ನಾನು ಮೊಬೈಲಿನಲ್ಲಿ ಗಂಟೆಗಟ್ಟಲೆ ನೋಡಿದೆ. ಧೂಳೇ ಇಲ್ಲದ ಕಾರ್ಖಾನೆಗಳಲ್ಲಿ ಬಿಳಿ ಗಡ್ಡದವರು ಇಂಥದೇ ಬಿರುಕುಗಳನ್ನು ಕೂಡಿಸುತ್ತಿದ್ದರು. ಅವರೆಲ್ಲರ ಮಾತಿನಿಂದ ನನಗೆ ತಿಳಿದದ್ದು ಇಷ್ಟು: ಕ್ಷಣದ ಅಂಟು ನೀವು ಅದುಮುವ ಮೊದಲೇ ಕಚ್ಚಿಬಿಡುತ್ತದೆ, ಬಿರುಕು ತೆರೆದಿದ್ದರೆ ತೆರೆದೇ ಉಳಿಯುತ್ತದೆ. ಎರಡು ಟ್ಯೂಬಿನದು ಗಟ್ಟಿ, ಆದರೆ ಮತ್ತೆ ಬಿಚ್ಚುವ ಮಾತಿಲ್ಲ. ಬಿಳಿಯದು ಪರವಾಗಿಲ್ಲ, ನಿಧಾನಕ್ಕೆ ಒಣಗುವುದರಿಂದ ಅದುಮಲು ಸಮಯ ಕೊಡುತ್ತದೆ. ಆದರೆ ತಂತಿಯ ಎಳೆತ ಹಗಲೂ ರಾತ್ರಿ ಇರುವಾಗ, ಬಿಸಿಲೂ ಸೇರಿದರೆ, ಒಂದಿಷ್ಟು ಜಗ್ಗಬಹುದು. ಎಲ್ಲಕ್ಕಿಂತ ಒಳ್ಳೆಯದು ಹಳೆಯ ಕಾಲದ ಸರೇಸು. ಹೆಂಟೆ ಹೆಂಟೆಯಾಗಿ ಬರುವ ಅದನ್ನು ನೀರಲ್ಲಿ ನೆನೆಸಿ, ಕಾಯಿಸಿ ಹಚ್ಚಬೇಕು. ಅದು ಜಗ್ಗುವುದಿಲ್ಲ. ತಪ್ಪಾದರೆ ಬಿಸಿ ಆವಿ ತೋರಿಸಿ ಬಿಚ್ಚಿ ಮತ್ತೆ ಮಾಡಬಹುದು.

ಸರೇಸು ಎಂಬ ಮಾತು ನನಗೆ ಆಗ ಗೊತ್ತಿರಲಿಲ್ಲ. ಅದನ್ನು ಹೇಳಿದವರು ಹರಿಹರದ ರಿಪೇರಿಯವರು.

ಅವರ ಅಂಗಡಿ ಮಾರ್ಕೆಟ್ಟಿನ ಹಿಂದೆ ಇತ್ತು. ಹಾರ್ಮೋನಿಯಂ, ತಬಲಾ, ಶಾಲೆಗಳ ಬ್ಯಾಂಡಿನ ಡ್ರಮ್ಮು. ಗಿಟಾರನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದೆ. ರಿಪೇರಿಯವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ಅರವತ್ತು ದಾಟಿರಬೇಕು. ಹತ್ತು ಮಾತಾಡಿ ಒಂದು ಕೆಲಸ ಮಾಡುವ ಜಾತಿ. ಯಾವುದೋ ಬ್ಯಾಂಡಿನವರನ್ನು ಬೈಯುತ್ತಲೇ ನನ್ನ ಕಡೆ ತಿರುಗಿದರು.

"ಬರ್ರಿ ಅಕ್ಕಾರ, ಕೂಡ್ರಿ. ಏನ್ ಕೂಸೇನ್ರಿ ಅದು, ಹೊದಿಸಿಕೊಂಡು ಬಂದೀರಿ?"

ಬಿಚ್ಚಿ ತೋರಿಸಿದೆ. ಬಿರುಕು ಕಾಣಲೆಂದು ತಂತಿ ಬಿಗಿದೇ ಇಟ್ಟಿದ್ದೆ. ಹೆಬ್ಬೆರಳಿನಿಂದ ಕುತ್ತಿಗೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದರು, ಬಿರುಕು ಮುಚ್ಚಿತು. ಬಿಟ್ಟರು, ಬಾಯಿಬಿಟ್ಟಿತು.

"ಭೇಷ್. ಸಾಯಾಂಗ ಇಲ್ಲ ಇದು. ಬಿಟ್ಟು ಹೋಗ್ರಿ, ಸರೇಸ್ ಹಾಕಿ ಕೊಡ್ತೀನಿ. ನಮ್ಮಪ್ಪನ ಕಾಲದಾಗಿಂದ ಹಾರ್ಮೋನಿಯಂ ಪೆಟ್ಟಿಗಿಗೆಲ್ಲಾ ಅದೇ."

ಅಷ್ಟರಲ್ಲಿ ಅತ್ತೆಯ ಫೋನು ಬಂತು. ನನ್ನ ಎರಡೂ ಕೈ ಗಿಟಾರಿನ ಮೇಲಿದ್ದವು. ಮೊಣಕಾಲ ಮೇಲಿದ್ದ ಫೋನಿನ ಸ್ಪೀಕರ್ ಒತ್ತಿದೆ. ಇದನ್ನು ನೆನೆದಾಗಲೆಲ್ಲ ಒಂದು ಕೈ ಬಿಡಬಹುದಿತ್ತಲ್ಲ ಅನ್ನಿಸುತ್ತದೆ.

"ಏನಂತೆ? ಯಾವಾಗ ಕೊಡ್ತಾನಂತೆ?" ಎಂದರು ಅತ್ತೆ.

"ಸೋಮವಾರದೊಳಗ ಆಗತೈತ್ರಿ ಅಮ್ಮಾರ!" ಸಾಹೇಬರು ಫೋನಿಗೆ ಬಗ್ಗಿ ಕೂಗಿದರು. "ಅಸಲಿ ಸರೇಸ್ನಾಗೆ ಮಾಡ್ತೀನಿ. ಈಗೆಲ್ಲಾ ಡೂಪ್ಲಿಕೇಟ್ ಬರತೈತ್ರಿ, ನಂದು ಹಂಗಲ್ಲ. ಚರ್ಮ, ಮೂಳಿ ಕುದಿಸಿ ತೆಗೆದ ಖರೇ ಮಾಲು!"

ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಅತ್ತೆ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ದಿನವೂ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರು ಹಾಕದವರು.

"ಯಾತರ ಚರ್ಮ?"

"ಎಮ್ಮೀದು, ಇನ್ನೊಂದರದು, ಸಿಕ್ಕಿದ್ದರದು. ಕುದ್ದ ಮ್ಯಾಲೆ ಎಲ್ಲಾ ಒಂದೇ ಅಲ್ಲೇನ್ರಿ?"

"ಏ, ಅದನ್ನ ಎತ್ಕೊಂಡ್ ಬಾ ಮನಿಗೆ," ಎಂದರು ಅತ್ತೆ. ನನಗೆ ಹೇಳಿದ್ದು. "ಒಂದ್ ಹನಿ ಹಾಕಿಸಬ್ಯಾಡ. ದೇವರ ಮುಂದ ಇಡೋ ಸಾಮಾನು."

ಸಾಹೇಬರ ಮುಖ ಕೆಂಪಾಯಿತು. "ಹಂಗಾದ್ರೆ ನಿಮ್ಮ ಭಜನಿ ತಬಲಾ ಯಾತರಲೆ ಮಾಡ್ಯಾರ್ರಿ, ಬಾಳೆ ಎಲೀಲೇ?"

ಆ ಪ್ರಶ್ನೆ ನನಗೂ ಬಂದಿತ್ತು. ಅತ್ತೆಯ ಹತ್ತಿರ ಉತ್ತರ ಸಿದ್ಧವಿತ್ತು, ಅದನ್ನು ನಾನು ಇವತ್ತಿಗೂ ಬಾಲಿಶ ಎಂದು ತಳ್ಳಿಹಾಕಲಾರೆ. "ತಬಲಾದ ಚರ್ಮ ಮ್ಯಾಲೈತಪ್ಪಾ, ಕಣ್ಣಿಗೆ ಕಾಣತೈತೆ, ಹಾಡಿದ ಮ್ಯಾಲೆ ಎತ್ಕೊಂಡ್ ಹೋಗ್ತಾರೆ. ಇದು ಒಳಗ ಸೇರ್ಕೊಂಡು ನಮ್ಮ ಮನ್ಯಾಗೇ ಉಳೀತೈತೆ." ಫೋನು ಕಟ್ ಆಯಿತು.

ಬಿಳಿ ಅಂಟಿನಲ್ಲಾದರೂ ಮಾಡಿಕೊಡಿ ಎಂದು ಕೇಳಿದೆ. ಅದರಲ್ಲೂ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಸಿಟ್ಟು ಏರಿತ್ತು. "ಮಾಡಿದ್ರೆ ಸರೇಸ್ನಾಗೆ ಮಾಡ್ತೀನಿ. ಇಲ್ಲಾಂದ್ರೆ ಬಾಗಿಲು ಕಿಟಕಿ ಮಾಡಾರ ಹತ್ರ ಹೋಗ್ರಿ." ಗಿಟಾರನ್ನು ವಾಪಸು ಕೊಡುವಾಗ ತಂತಿಗಳು ಹಾದುಹೋಗುವ ಮೇಲ್ತುದಿಯ ಬಿಳಿ ಪಟ್ಟಿಯ ಮೇಲೆ ಉಗುರಿನಿಂದ ಬಡಿದರು. "ಇದು ಮೂಳೀದೇ ಅಕ್ಕಾರ. ಇಷ್ಟು ದಿನ ದೇವರಮನ್ಯಾಗೇ ಇತ್ತಲ್ಲ?" ನಿಜವಿರಬಹುದು, ಪ್ಲಾಸ್ಟಿಕ್ಕೂ ಇರಬಹುದು. ನಾನು ಮನೆಯಲ್ಲಿ ಅದನ್ನು ಹೇಳಲಿಲ್ಲ.

ಬರುವ ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಅಂಟಿನ ಡಬ್ಬಿಯನ್ನೂ, ಅದುಮಿಡಲು ಎರಡು ಕಬ್ಬಿಣದ ಕ್ಲ್ಯಾಂಪುಗಳನ್ನೂ ಕೊಂಡೆ. ಭಾನುವಾರ ಶಾಲೆಯ ಗಡಿಬಿಡಿ ಇರುವುದಿಲ್ಲ, ತಂತಿ ಪೂರ್ತಿ ಬಿಚ್ಚಿ, ನಿಧಾನವಾಗಿ ನಾನೇ ಮಾಡುವುದು ಎಂದುಕೊಂಡೆ. ಮನೆಗೆ ಬಂದರೆ ಅಂಟು ಎಂಬ ಅಂಟೆಲ್ಲ ಅನುಮಾನಕ್ಕೆ ಒಳಗಾಗಿತ್ತು. ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾಲಿನಂಗ ಐತೆ. ಯಾವುದರ ಹಾಲೋ ಯಾರಿಗ್ ಗೊತ್ತು."

"ಇದು ಫ್ಯಾಕ್ಟರೀದು ಅತ್ತಿ. ಇದರಾಗ ಪ್ರಾಣೀದು ಏನಿಲ್ಲ."

"ಆ ಮುದುಕಂದೂ ಫ್ಯಾಕ್ಟರೀದೇ ಇರಬೌದು. ಅವನು ಹೇಳಿದ, ಇವರು ಹೇಳಲ್ಲ, ಅಷ್ಟೇ."

ಗಂಡ ಊಟ ಮಾಡುತ್ತಿದ್ದರು. ನಮ್ಮಿಬ್ಬರ ಮಾತು ಕೇಳಿ ಅವರಿಗೆ ಬೇಸರವಾಗಿರಬೇಕು. "ಪೂರಾ ಕೆಮಿಕಲ್ ಇರೋದು ಐತವ್ವಾ, ನಮ್ಮ ಅಂಗಡ್ಯಾಗೇ ಐತೆ. ಅದಕ್ಕೆ ದನಾನೂ ಗೊತ್ತಿಲ್ಲ, ಗಿಡಾನೂ ಗೊತ್ತಿಲ್ಲ." ಅತ್ತೆಯ ಮುಖ ಬೆಳಗಿತು. ಆಗ ಮಾತು ಅಲ್ಲಿಗೇ ನಿಂತಿತು ಎಂದುಕೊಂಡು ನಾನು ತಟ್ಟೆ ಎತ್ತಿದೆ.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ ಗಿಟಾರು ಹಜಾರದ ಟೀಪಾಯಿಯ ಮೇಲೆ, ಅಂಗಾತ, ವಿಭೂತಿ ಹಚ್ಚಿಕೊಂಡು ಮಲಗಿತ್ತು. ತಾಯಿ ಮಗ ಎದುರು ಕೂತಿದ್ದರು. ಇಬ್ಬರ ಮುಖದಲ್ಲೂ ಮದುವೆ ಮಾತುಕತೆ ಕುದುರಿಸಿದವರ ಸಂಭ್ರಮ.

"ನೋಡು, ಆತು ನಿನ್ನ ಕೆಲಸ," ಎಂದರು ಗಂಡ. ತಾಯಿಯತ್ತ ತಿರುಗಿ, "ಹರಿಹರಕ್ಕೆ ಹೋಗಿ ಬಂದ್ಲಂತೆ!"

ತಿರುಗಿಸಿ ನೋಡಿದೆ. ಬಿರುಕಿನ ಗುಂಟ ಬಿಳಿ ಗಾರೆಯಂಥದ್ದು ಉಬ್ಬಿ ನಿಂತಿತ್ತು. ಅವರು ಎರಡು ಟ್ಯೂಬಿನದನ್ನೂ ಬಿಟ್ಟು ಕ್ಷಣದ ಅಂಟು ಹಾಕಿದ್ದರು. ಬಿರುಕು ತೆರೆದಿತ್ತು, ಅಂಟು ಸೋರುತ್ತಿತ್ತು, ಅದಕ್ಕೆ ಮೇಲಿಂದ ಅಡಿಗೆ ಸೋಡಾ ಉದುರಿಸಿದ್ದರು. ಪಂಪಿನ ಪ್ಲಾಸ್ಟಿಕ್ ಒಡೆದರೆ ಅವರ ಅಂಗಡಿಯಲ್ಲಿ ಹಾಗೇ ಮಾಡುವುದು. ಅಂಟೂ ಸೋಡಾವೂ ಸೇರಿ ಚಿಟಿಕೆ ಹೊಡೆಯುವುದರೊಳಗೆ ಕಲ್ಲಾಗುತ್ತದೆ. ಸೋಡಾ ಅಡಿಗೆಮನೆಯ ಡಬ್ಬಿಯದು, ಅತ್ತೆ ಸ್ನಾನ ಮಾಡಿ ಬಂದು ತಾವೇ ತೆಗೆದುಕೊಟ್ಟಿದ್ದು. ಮಡಿಯಲ್ಲಿ ಯಾವ ಕೊರತೆಯೂ ಇರಲಿಲ್ಲ.

"ತಂತಿ ಸಡಿಲ ಮಾಡಿದ್ರಾ?" ಎಂದು ಕೇಳಿದೆ.

"ಯಾಕ? ಅದು ಹೆಂಗಿತ್ತೋ ಹಂಗೇ ಇರ್ಲಿ ಅಂತ ಮುಟ್ಟಲಿಲ್ಲ. ಮತ್ತೆ ಶ್ರುತಿ ಗಿತಿ ಅಂತ ನೀನೇ ಕೂಗಾಡ್ತಿ."

ತಂತಿ ಬಿಗಿ ಇತ್ತು. ಬಿರುಕು ಬಾಯಿ ತೆರೆದಿತ್ತು. ತೆರೆದ ಬಾಯಿಗೆ ಕಲ್ಲು ತುಂಬಿದ್ದರು. ಕುತ್ತಿಗೆ ಕತ್ತೆತ್ತಿದ ಹಾಗೆ ಮುಂದಕ್ಕೆ ಬಾಗಿ ಗಟ್ಟಿಯಾಗಿತ್ತು. ನಾನು ಆಗ ಏನಾದರೂ ಹೇಳಿದೆನೇ? "ಒಳ್ಳೇದಾತು" ಎಂದೆ ಅನ್ನುತ್ತಾರೆ ಗಂಡ. ನಾನು ಏನೂ ಅನ್ನದೆ ಒಳಗೆ ಹೋದೆ ಎಂದು ನನ್ನ ನೆನಪು. ಅವರ ಮಾತೇ ನಿಜವಿದ್ದರೆ ನನಗೆ ಇನ್ನೂ ಹೆಚ್ಚು ನಾಚಿಕೆ.

ಸೋಮವಾರ ಎಲ್ಲರೂ ಬಂದರು. ಖಾಲಿ ತಂತಿಗಳು ಸರಿಯಾಗೇ ನುಡಿದವು. ಎಡಗೈ ಬೆರಳು ಪಟ್ಟಿಗಳ ಮೇಲೆ ಊರಿದ ಕೂಡಲೇ ಪ್ರತಿಯೊಂದು ಸ್ವರವೂ ಒಂದು ಎಳೆಯಷ್ಟು ಮೇಲೆ ಹೋಯಿತು. ತಂತಿ ಹಲಗೆಯಿಂದ ಬಹಳ ಮೇಲೆದ್ದಿತ್ತು, ಒತ್ತಿದಷ್ಟೂ ಎಳೆಯುತ್ತಿತ್ತು. ಅತ್ತೆ ಮೊದಲ ಸಾಲಿನಲ್ಲೇ ನನ್ನತ್ತ ನೋಡಿದರು. ಅವರಿಗೆ ಸ್ವರದ ಹೆಸರುಗಳು ಗೊತ್ತಿಲ್ಲ, ಕಿವಿ ಮಾತ್ರ ತಪ್ಪಿದ್ದಲ್ಲ. ನನ್ನ ಸ್ವರಕ್ಕೆ ಅವರು ಏರಿಸಿಕೊಂಡರು, ಖಾಲಿ ತಂತಿ ಬಂದಾಗ ಇಳಿಸಿಕೊಂಡರು, ಮತ್ತೆ ಏರಿಸಿಕೊಂಡರು. ಹಾಡು ಕುಂಟಿತು. ಉಳಿದವರು ತಾಳ ತಟ್ಟುತ್ತಲೇ ಇದ್ದರು. ಗಂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮುಗಿದ ಮೇಲೆ ಅತ್ತೆ ಎಲ್ಲರಿಗೂ, "ನನ್ನ ಮಗನೇ ರಿಪೇರಿ ಮಾಡಿದ್ದು" ಎಂದರು.

ಆ ವಾರ ಯಾರಿಗೂ ಹೇಳದೆ ಮತ್ತೆ ಹರಿಹರಕ್ಕೆ ಹೋದೆ. ಸಾಹೇಬರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬಿಳಿ ಗಾರೆಯ ಮೇಲೆ ಬ್ಲೇಡು ಆಡಿಸಿದರು, ಕಿರ್ರೆಂದಿತು. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ, ಆದರೆ ಬಿಡಲೂ ಇಲ್ಲ.

"ನಿಮ್ಮ ಮನಿಯವರಿಗೆ ಅಂಟು ಹಾಕಾಕ ಬರಲ್ಲ ಅಕ್ಕಾರ, ಪ್ಲಾಸ್ಟರಿಂಗ್ ಚಲೋ ಬರತೈತೆ."

"ಬಿಚ್ಚಾಕ ಆಗಲ್ಲಾ?"

"ಸರೇಸ್ ಆಗಿದ್ರೆ ಕೆಟಲ್ ಆವೀಗೆ ಬಿಡ್ತಿತ್ತು. ಇದನ್ನ ಬಿಡಿಸಾಕ ಹೋದ್ರೆ ಕಟಗೀನೇ ಬರತೈತೆ." ಬ್ಲೇಡು ಒರೆಸಿಟ್ಟು, "ಅವತ್ತೇ ಬಿಳೀದು ಹಾಕಿ ಕೊಡಬೌದಾಗಿತ್ತು ನಾನು," ಎಂದರು. ಹೀಗೆ ಅವರು ಅಂದರೋ, ಅನ್ನಲಿ ಎಂದು ನಾನು ಕಾಯುತ್ತ ಕೂತಿದ್ದೆನೋ, ಈಗ ಖಚಿತವಿಲ್ಲ.

ಹೊಸ ಗಿಟಾರು ತರಬಹುದಿತ್ತಲ್ಲ ಎಂದರೆ, ತರಬಹುದಿತ್ತು. ಆದರೆ ಹೊಸದು ತರಬೇಕಾದರೆ ಹಳೆಯದು ಕೆಟ್ಟಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ನಾನು ಹೇಳಲು ಹೋದೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅತ್ತಿ, ಅದು ಶ್ರುತಿಗೆ ನಿಲ್ಲವಲ್ದು."

"ಗೊತ್ತೈತೆ. ನನಗೇನ್ ಕಿವಿ ಇಲ್ಲಾ?" ತಲೆ ಎತ್ತಲಿಲ್ಲ.

"ಮತ್ತೆ ಏನ್ ಮಾಡಾಣ?"

ಅವರು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟರು. "ಅವನ ಮುಂದ ಅನ್ನಬ್ಯಾಡ. ಅಂಗಡಿ ಬಿಟ್ಟು ಬಂದು ಕುಂತು ಮಾಡ್ಯಾನೆ. ಮನಸಿಗೆ ಹಚ್ಕೋತಾನೆ."

ಇಷ್ಟೇ. ಜಗಳವಾಗಿದ್ದರೆ ಒಳ್ಳೆಯದಿತ್ತು. ಅವರಿಗೆ ಗೊತ್ತಿಲ್ಲ ಎಂದುಕೊಂಡು ಅಷ್ಟು ದಿನ ನಾನು ಅವರನ್ನು ಮನ್ನಿಸುತ್ತಿದ್ದೆ. ಗೊತ್ತಿದ್ದೇ ಮಗನ ಮನಸ್ಸನ್ನು ಆರಿಸಿಕೊಂಡಿದ್ದರು. ಅವರ ಸ್ವಂತ ಹಾಡನ್ನೂ ಸೇರಿಸಿ ತಕ್ಕಡಿಯ ಆ ಕಡೆಗೆ ಹಾಕಿದ್ದರು. ಅವರಿಗೆ ಅದರಿಂದ ನೋವಾಯಿತೇ ಎಂದು ನಾನು ಕೇಳಲಿಲ್ಲ, ಕೇಳಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ.

ಮುಂದಿನ ಸೋಮವಾರ ಅತ್ತೆ ಮಗನ ಕೈಯಲ್ಲಿ ಫೋನಿಗೆ ತಂಬೂರಿಯ ಶ್ರುತಿ ಹಾಕಿಸಿಕೊಂಡು ದೇವರಮನೆಯ ಮುಂದೆ ಇಟ್ಟುಕೊಂಡರು. "ಆಕಿಗೂ ಶಾಲೀ ಕೆಲಸ, ಸುಸ್ತಾಗತೈತೆ" ಎಂದರಂತೆ. ಗಂಡನಿಗೆ ಅದು ಒಪ್ಪಿಗೆಯಾಯಿತು. ಗಿಟಾರು ಮೂಲೆಯಲ್ಲೇ ಇತ್ತು, ವಿಭೂತಿ ಸಹಿತ, ರಿಪೇರಿಯಾದ ಸಾಮಾನಿನ ಎಲ್ಲ ಗೌರವದೊಂದಿಗೆ.

ಅಂದಿನ ಸಂಜೆ ನಾನು ಅಡಿಗೆಮನೆಯಲ್ಲಿದ್ದೆ. ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ. ಹಜಾರದಲ್ಲಿ ಫೋನಿನ ತಂಬೂರಿ ಶುರುವಾಯಿತು. ಒಂದು ಕೂದಲೂ ಅಲುಗಾಡದ ಶ್ರುತಿ. ಅತ್ತೆಯ ದನಿ ಅದರ ಮೇಲೆ ಏರಿತು, ಎಲ್ಲೂ ತಪ್ಪಲಿಲ್ಲ. ಚೆನ್ನಾಗಿತ್ತು ಎಂದು ಬರೆಯಲೇಬೇಕು.

ಎರಡು ಹಾಡಿನ ನಡುವೆ ಎದುರು ಮನೆಯವರ ದನಿ ಕೇಳಿಸಿತು. "ಸೊಸಿ ಎಲ್ಲ್ರಿ? ಗಿಟಾರು ರಿಪೇರಿ ಆಗೈತಲ್ಲ, ಕರೀರಿ."

"ಆಕಿಗೆ ಒಳಗ ಕೆಲಸ ಐತ್ರಿ," ಎಂದರು ಅತ್ತೆ.

ನನಗೆ ಕೆಲಸ ಏನೂ ಇರಲಿಲ್ಲ. ಮಂಡಕ್ಕಿ ಕಲಸಿ ಆಗಿತ್ತು, ಕೊನೆಯ ಮೆಣಸಿನಕಾಯಿ ಕರಿದು ಎಣ್ಣೆ ಬಸಿದಿದ್ದೆ, ಒಲೆ ಆರಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದೆ. ಹಜಾರದಲ್ಲಿ ಯಾರೋ ಎದ್ದ ಹಾಗೆ ಬಳೆಯ ಸದ್ದಾಯಿತು, ನೀರು ಕುಡಿಯಲು ಒಳಗೆ ಬರುತ್ತಾರೇನೋ ಅನ್ನಿಸಿತು. ಒಲೆ ಮತ್ತೆ ಹಚ್ಚಿ ಖಾಲಿ ಬಾಣಲೆ ಮೇಲಿಟ್ಟೆ.